ಹನುಮಂತನಗರದ ಬಾಕ್ಸಿಂಗ್ ಕ್ಲಾಸ್: ದಪ್ಪ ಹುಡುಗನ ಅಮ್ಮ ಕಂಡಿದ್ದು

ನನ್ನ ಮಗನಿಗೆ 17 ವರ್ಷ. ಎತ್ತರ ಐದಡಿ ಹನ್ನೊಂದು ಇಂಚು, ತೂಕ 103 ಕೆಜಿ. ಚಿಕ್ಕಂದಿನಿಂದಲೂ ಅವನ ಮೈ ಹಾಗೇ. ಸ್ಕೂಲಲ್ಲಿ "ಡುಮ್ಮ", ಮದುವೆಮನೆಗಳಲ್ಲಿ "ಏನು ತಿನ್ನಿಸ್ತೀಯಮ್ಮ ಇವನಿಗೆ". ಕೇಳಿ ಕೇಳಿ ನಮ್ಮಿಬ್ಬರಿಗೂ ಸಾಕಾಗಿತ್ತು. ಎರಡು ವರ್ಷದ ಹಿಂದೆ ಬಾಕ್ಸಿಂಗ್ ಕಲಿಯುತ್ತೇನೆ ಅಂದ. ನನಗೆ ಭಯವಾಯಿತು, ಆದರೂ ಒಪ್ಪಿಕೊಂಡೆ.

ಮೊದಲು ಸೇರಿಸಿದ ಜಾಗದ ಹೆಸರು ಬೇಡ. ಮೂರನೇ ವಾರಕ್ಕೇ ಮೂವತ್ತು ದಾಟಿದ ಒಬ್ಬರ ಎದುರು ರಿಂಗಿಗೆ ಇಳಿಸಿದರು. "ಇಬ್ಬರೂ ತೊಂಬತ್ತು ಕೆಜಿ ಮೇಲಿದ್ದಾರೆ, ಸರಿಯಾದ ಜೋಡಿ" ಅಂದರಂತೆ. ಅವನಿಗಾಗ 15 ವರ್ಷ. ಮೂಗಿನಿಂದ ರಕ್ತ ಸೋರಿಸಿಕೊಂಡು ಮನೆಗೆ ಬಂದ. ಮೈ ಬೆಳೆದಿದೆ ಅಂದ ಮಾತ್ರಕ್ಕೆ ಮೂಳೆ ಬಲಿತಿರುತ್ತಾ? ಮಾರನೇ ದಿನವೇ ಬಿಡಿಸಿದೆ.

ಈಗ ಹೋಗುತ್ತಿರುವುದು ಬೆಂಗಳೂರಿನ ಹನುಮಂತನಗರದಲ್ಲಿ, ರಾಮಾಂಜನೇಯ ಗುಡ್ಡದಿಂದ ನಡೆದು ಹೋಗುವಷ್ಟು ಹತ್ತಿರ. ಹಾರ್ಡ್‌ವೇರ್ ಅಂಗಡಿಯ ಮೇಲಿನ ಮಹಡಿ. ಬೋರ್ಡಿನ ಮೇಲೆ "ಬಾಕ್ಸಿಂಗ್" ಅಂತ ಮಾತ್ರ ಇದೆ. ಕೋಚ್ ಹಿಂದೆ ಸೇನೆಯಲ್ಲಿದ್ದವರು. ನಾವು ಮೊದಲ ಸಲ ಹೋದಾಗ ತೂಕ ನೋಡುವ ಮುಂಚೆ ಅವನ ವಯಸ್ಸು ಕೇಳಿದರು. ಆಮೇಲೆ ಎಷ್ಟು ಹೊತ್ತು ಸ್ಕಿಪ್ಪಿಂಗ್ ಮಾಡಬಲ್ಲ ಅಂತ ನೋಡಿದರು. ಕೊನೆಗೆ ತೂಕ. "ಆರು ತಿಂಗಳು ಯಾರೂ ಇವನ ತಲೆ ಮುಟ್ಟಲ್ಲ ಮೇಡಂ" ಅಂದರು. ಹಾಗೇ ನಡೆದುಕೊಂಡರು.

ದಪ್ಪ ಮಕ್ಕಳಿಗೆ ಏನೇನು ಬೇಕು ಅಂತ ಇವರಿಗೆ ಗೊತ್ತಿದೆ. ಮಾಮೂಲಿ ಬ್ಯಾಗು ಇವನು ಹೊಡೆದರೆ ಉಯ್ಯಾಲೆಯ ಹಾಗೆ ಹಾರಿಹೋಗುತ್ತದೆ. ಅದಕ್ಕೇ ಹಳೇ ಬಟ್ಟೆ ತುರುಕಿ, ಹೊಲಿಸಿ, 60 ಕೆಜಿಯ ಒಂದು ಬ್ಯಾಗು ಮಾಡಿಸಿದ್ದಾರೆ. ಸ್ಪಾರಿಂಗ್‌ಗೆ, ಅಂದರೆ ಅಭ್ಯಾಸದ ಫೈಟ್‌ಗೆ, ಎಲ್ಲರಿಗೂ 16 ಔನ್ಸ್‌ನ ದಪ್ಪ ಗ್ಲೌಸ್, ತಲೆಗೆ ಹೆಡ್‌ಗಾರ್ಡ್. ಮಂಡಿ ನೋಯಬಾರದು ಅಂತ ಇವನಿಗೆ ಓಟ ಕಮ್ಮಿ, ಸೈಕಲ್ ಜಾಸ್ತಿ. ಊಟ ಬಿಡಿಸಿಲ್ಲ. ಮುದ್ದೆ ತಿನ್ನು, ಮೊಟ್ಟೆ ತಿನ್ನು, ಬೇಕರಿ ಮುಂದೆ ನಿಲ್ಲಬೇಡ ಅಂದಿದ್ದಾರೆ, ಅಷ್ಟೇ.

ನಾನು ಈ ವಿಮರ್ಶೆ ಬರೆಯುತ್ತಿರುವುದು ಮುಖ್ಯವಾಗಿ ಶನಿವಾರಗಳ ಸಲುವಾಗಿ. ಶನಿವಾರ ಕ್ಲಾಸ್ ಮುಗಿದ ಮೇಲೆ ಕೋಚ್ ಹಳೇ ಟಿವಿಯಲ್ಲಿ ಒಂದು ಹೆವಿವೇಟ್, ಅಂದರೆ ಎಲ್ಲಕ್ಕಿಂತ ಭಾರದ ವರ್ಗದ, ಫೈಟ್ ಹಾಕುತ್ತಾರೆ. ಗೋಡೆಯ ಕರಿಹಲಗೆ ಮೇಲೆ ಇಬ್ಬರ ತೂಕ ಬರೆಯುತ್ತಾರೆ. ಪೌಂಡಿನಲ್ಲಿರುವುದನ್ನು ಕೆಜಿಗೆ ತಿರುಗಿಸುವ ಕೆಲಸ ನನ್ನದು. ನಾನು ಹೈಸ್ಕೂಲಿನಲ್ಲಿ ಗಣಿತ ಕಲಿಸುತ್ತೇನೆ.

ಮೊದಲ ವಾರ ತೋರಿಸಿದ್ದು 1919ರ ಜುಲೈ 4ರಂದು ಅಮೆರಿಕದ ಟೊಲೀಡೋದಲ್ಲಿ ನಡೆದ ಫೈಟ್. ಜ್ಯಾಕ್ ಡೆಂಪ್ಸಿ 85 ಕೆಜಿ, ಚಾಂಪಿಯನ್ ಜೆಸ್ ವಿಲ್ಲರ್ಡ್ 111 ಕೆಜಿ, ಎತ್ತರ ಆರೂವರೆ ಅಡಿ ದಾಟಿದ ಆಳು. ಮೊದಲ ಸುತ್ತಿನಲ್ಲೇ ದೊಡ್ಡವನು ಏಳು ಸಲ ಬಿದ್ದ. ಬಿದ್ದವನಿಂದ ದೂರ ಹೋಗಿ ನಿಲ್ಲಬೇಕು ಅನ್ನುವ ನಿಯಮ ಆಗ ಜಾರಿಯಲ್ಲಿರಲಿಲ್ಲ. ಎದ್ದ ಕೂಡಲೇ ಮತ್ತೆ ಏಟು. ನಾನು ಮುಖ ತಿರುಗಿಸಿದೆ. ಮಗ ಮಾತ್ರ ಕಣ್ಣು ತೆಗೆಯಲಿಲ್ಲ. ವಾಪಸ್ ಬರುವಾಗ ದಾರಿಯಲ್ಲಿ "ಅಮ್ಮಾ, ದೊಡ್ಡವರು ಸುಮ್ನೆ ನಿಂತ್ರೆ ಸೋಲ್ತಾರೆ" ಅಂದ.

ಆಮೇಲಿನ ವಾರಗಳಲ್ಲೂ ಹೆಚ್ಚುಕಮ್ಮಿ ಅದೇ ಕಥೆ. 1935ರಲ್ಲಿ ಜೋ ಲೂಯಿ ತನಗಿಂತ ಸುಮಾರು 29 ಕೆಜಿ ಜಾಸ್ತಿ ಇದ್ದ ಪ್ರೀಮೋ ಕಾರ್ನೆರಾನನ್ನು ಆರನೇ ಸುತ್ತಿನಲ್ಲಿ ಮುಗಿಸಿದ. 1952ರಲ್ಲಿ ಚಾಂಪಿಯನ್ ಆದ ರಾಕಿ ಮಾರ್ಸಿಯಾನೋ ಬರೀ 84 ಕೆಜಿ. 49 ಫೈಟ್ ಆಡಿ ಒಂದೂ ಸೋಲದೆ ನಿವೃತ್ತನಾದ. ಇವತ್ತು 90.7 ಕೆಜಿವರೆಗೆ ಕ್ರೂಸರ್‌ವೇಟ್ ಅಂತ ಬೇರೆ ವರ್ಗವೇ ಇದೆ. ಅದು ಶುರುವಾಗಿದ್ದು 1980ರ ಹೊತ್ತಿಗೆ. ಈಗಿನ ಲೆಕ್ಕದಲ್ಲಿ ಮಾರ್ಸಿಯಾನೋ, ಡೆಂಪ್ಸಿ ಇಬ್ಬರೂ ಹೆವಿವೇಟ್ ಅಲ್ಲವೇ ಅಲ್ಲ.

ಇಲ್ಲಿ ಕೋಚ್‌ಗೂ ನನಗೂ ಜಗಳ. ಮಾರ್ಸಿಯಾನೋ ಇವತ್ತು ಬಂದರೂ ಬ್ರಿಟನ್ನಿನ ಹೆವಿವೇಟ್ ಟೈಸನ್ ಫ್ಯೂರಿಯನ್ನು ಕೆಡವುತ್ತಾನೆ ಅನ್ನುವುದು ಅವರ ವಾದ. ನಾನು ಒಪ್ಪುವುದಿಲ್ಲ. ಫ್ಯೂರಿ ಆರಡಿ ಒಂಬತ್ತು ಇಂಚು. 2020ರಲ್ಲಿ ಡಿಯೊಂಟೆ ವೈಲ್ಡರ್ ಎದುರು 124 ಕೆಜಿ ಇದ್ದ. ಆ ಫೈಟ್‌ನಲ್ಲಿ ಅವನು ಹೊಡೆದಿದ್ದು ಎಷ್ಟೋ, ಒರಗಿದ್ದೂ ಅಷ್ಟೇ. ಅಪ್ಪಿಕೊಂಡು ಕತ್ತಿನ ಮೇಲೆ ಭಾರ ಹಾಕುತ್ತಿದ್ದ. ಭಾರ ಹೊತ್ತವನ ಕಾಲು ಸೋತುಹೋಗುತ್ತದೆ. ಏಳನೇ ಸುತ್ತಿಗೆ ವೈಲ್ಡರ್ ಕಥೆ ಮುಗಿಯಿತು. ವಿಲ್ಲರ್ಡ್, ಕಾರ್ನೆರಾ ಕಾಲದಲ್ಲಿ ದೈತ್ಯರಿದ್ದರು, ಆದರೆ ಆಟ ಕಲಿತ ದೈತ್ಯರು ಅಪರೂಪ. ಲೆನಾಕ್ಸ್ ಲೂಯಿಸ್, ಕ್ಲಿಚ್ಕೋ ಅಣ್ಣತಮ್ಮಂದಿರು ಬಂದ ಮೇಲೆ ಲೆಕ್ಕ ಬದಲಾಯಿತು. ಆರೂವರೆ ಅಡಿ ಎತ್ತರ, ಜೊತೆಗೆ ಅಳತೆ ಇಟ್ಟ ಹಾಗೆ ಬೀಳುವ ಜ್ಯಾಬ್, ಅಂದರೆ ಮುಂದಿನ ಕೈಯ ನೇರ ಏಟು. ಅಂಥವರ ಹತ್ತಿರ 84 ಕೆಜಿಯವನು ಹೋಗುವುದಾದರೂ ಹೇಗೆ?

ಒಂದು ದಿನ ನಾನು ಕೋಚ್‌ರನ್ನು ನೇರವಾಗಿ ಕೇಳಿದೆ, ಸರ್, ಇದರಲ್ಲಿ ಜೀವ ಹೋಗುತ್ತಾ ಅಂತ. ಮುಚ್ಚಿಡಲಿಲ್ಲ. 1982ರಲ್ಲಿ ದಕ್ಷಿಣ ಕೊರಿಯಾದ ಕಿಮ್ ಡುಕ್ ಕೂ 14ನೇ ಸುತ್ತಿನಲ್ಲಿ ಬಿದ್ದು, ಕೆಲವೇ ದಿನಗಳಲ್ಲಿ ತೀರಿಕೊಂಡಿದ್ದನ್ನು ಹೇಳಿದರು. ಅವನು ಲೈಟ್‌ವೇಟ್ ಹುಡುಗ. ಆಮೇಲೆ ಚಾಂಪಿಯನ್ ಫೈಟ್‌ಗಳನ್ನು 15 ಸುತ್ತಿನಿಂದ 12ಕ್ಕೆ ಇಳಿಸಿದರು. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಇನ್ನೊಂದು ವಿಷಯವನ್ನೂ ಅವರೇ ಹೇಳಿದ್ದು: ಮೂರು ಸುತ್ತು ಕಮ್ಮಿಯಾಗಿದ್ದು ಭಾರದವರಿಗೆ ಅನುಕೂಲವಾಯಿತು. ದೊಡ್ಡ ಮೈಗೆ ಉಸಿರು ಜಾಸ್ತಿ ಬೇಕು. 13, 14, 15ನೇ ಸುತ್ತಿನಲ್ಲಿ ಬಳಲಿ ಬೀಳುತ್ತಿದ್ದವರು ಈಗ ಅಲ್ಲಿವರೆಗೆ ಹೋಗಬೇಕಾಗಿಯೇ ಇಲ್ಲ. ಹುಡುಗರಿಗೆ ಬರೀ ಮೂರು ಸುತ್ತು, ಹೆದರಬೇಡಿ ಅಂದರು. ಕೆಟ್ಟದ್ದನ್ನೂ ಮುಚ್ಚಿಡದೆ ಹೇಳಿದರಲ್ಲ, ಅವತ್ತಿನಿಂದ ನನಗೆ ಅವರ ಮೇಲೆ ನಂಬಿಕೆ ಬಂತು.

ಮಗನ ದೇವರು ಉಕ್ರೇನಿನ ಒಲೆಕ್ಸಾಂಡರ್ ಉಸಿಕ್. ಕ್ರೂಸರ್‌ವೇಟ್‌ನಿಂದ ಮೇಲೆ ಬಂದವನು. 2024ರ ಮೇ ತಿಂಗಳಲ್ಲಿ ರಿಯಾದ್‌ನಲ್ಲಿ ಫ್ಯೂರಿಯನ್ನು ಸೋಲಿಸಿದಾಗ ಉಸಿಕ್ 101 ಕೆಜಿ, ಫ್ಯೂರಿ 119. ಡಿಸೆಂಬರ್‌ನಲ್ಲಿ ಫ್ಯೂರಿ 127 ಕೆಜಿ ಆಗಿ ಬಂದ. ಭಾರ ಹಾಕಿ ಗೆಲ್ಲುತ್ತಾನೆ ಅಂದುಕೊಂಡೆ. ಮೂವರು ಜಡ್ಜ್‌ಗಳೂ 116-112 ಪಾಯಿಂಟ್ ಅಂತ ಉಸಿಕ್‌ಗೇ ಗೆಲುವು ಕೊಟ್ಟರು. ಅವನ ಪಾದ ನೋಡಬೇಕು. ಒಂದು ಕ್ಷಣವೂ ನಿಲ್ಲುವುದಿಲ್ಲ. "ನೋಡಿ ಮೇಡಂ, ಚಿಕ್ಕವನೇ ಗೆದ್ದ" ಅಂತ ಕೋಚ್ ಚಪ್ಪಾಳೆ ತಟ್ಟಿದರು. ನಾನು ಎದ್ದುಹೋಗಿ ಹಲಗೆಯ ಮೇಲೆ ಬರೆದೆ: 1974ರಲ್ಲಿ ಫೋರ್‌ಮನ್ ಎದುರು ಮುಹಮ್ಮದ್ ಅಲಿ, 98 ಕೆಜಿ. ಅಲಿಯನ್ನು ಆ ಕಾಲದಲ್ಲಿ ಯಾರೂ ಚಿಕ್ಕವನು ಅನ್ನುತ್ತಿರಲಿಲ್ಲ. ಇವತ್ತಿನ ಚಿಕ್ಕವನು ಅಲಿಗಿಂತ ಮೂರು ಕೆಜಿ ಜಾಸ್ತಿ! ಹುಡುಗರೆಲ್ಲ ಹಲಗೆಯನ್ನೇ ನೋಡುತ್ತಾ ನಿಂತರು. ಅವತ್ತು ಕೋಚ್ ಒಪ್ಪಿಕೊಂಡರು, ಪೂರ್ತಿ ಅಲ್ಲ, ಅರ್ಧ.

ನಮ್ಮವರದ್ದೂ ಒಂದು ತೋರಿಸಿದರು. ಟೋಕಿಯೋ ಒಲಿಂಪಿಕ್ಸ್‌ನಲ್ಲಿ 91 ಕೆಜಿ ಮೇಲಿನ ವರ್ಗದಲ್ಲಿ ಸತೀಶ್ ಕುಮಾರ್. ಮುಖಕ್ಕೆ 13 ಹೊಲಿಗೆ ಹಾಕಿಸಿಕೊಂಡು ಕ್ವಾರ್ಟರ್ ಫೈನಲ್‌ಗೆ ಇಳಿದರು. ಎದುರಿಗೆ ಉಜ್ಬೇಕಿಸ್ತಾನದ ಆರಡಿ ಏಳು ಇಂಚಿನ ಜಲೊಲೋವ್. ಸೋತರು. ಅವರೂ ಸೇನೆಯವರು. ಕೋಚ್ ಕಣ್ಣು ಒದ್ದೆಯಾಗಿತ್ತು.

ದೂರುಗಳೂ ಇವೆ. ರಿಂಗು ಚಿಕ್ಕದು, ಹದಿನಾರು ಅಡಿ ಇರಬಹುದು. ಎದುರಿನವನಿಗೆ ಓಡಲು ಜಾಗ ಸಾಲದು, ಹಾಗಾಗಿ ನನ್ನ ಮಗನಂಥವರಿಗೆ ಅನುಕೂಲ. ಆದರೂ ಇದು ದೂರೇ. ಪಾದ ಆಡಿಸುವುದನ್ನು ಕಲಿಯಬೇಕಾದವನು ಇವನೇ ಅಲ್ವಾ. ಭಾನುವಾರ ತಾರಸಿಯ ಮೇಲೆ ಸೀಮೆಸುಣ್ಣದಲ್ಲಿ 20 ಅಡಿ ಚೌಕ ಬರೆದು ಆಡಿಸುತ್ತಾರೆ, ಮಳೆ ಬಂದರೆ ಅದೂ ಇಲ್ಲ. ಬಟ್ಟೆ ಬದಲಿಸುವ ಕೋಣೆ ಒಂದೇ. ಹೆಣ್ಣುಮಕ್ಕಳು ನಾಲ್ವರಿದ್ದಾರೆ, ಕಾಯಬೇಕು. ಇದನ್ನು ಸರಿ ಮಾಡಲೇಬೇಕು. ಗ್ಲೌಸ್ ವಾಸನೆ ಬರುತ್ತವೆ. ಸ್ವಂತದ್ದು ಕೊಳ್ಳಿ.

ಫೀಸ್ ತಿಂಗಳಿಗೆ 2,500 ರೂಪಾಯಿ. ಸಂಜೆ ಐದೂವರೆಯಿಂದ ಏಳು, ಸೋಮವಾರ ರಜೆ. ಗಾಡಿ ನಿಲ್ಲಿಸಲು ಜಾಗ ಸಿಗುವುದಿಲ್ಲ, ಬಸ್ಸಲ್ಲಿ ಬನ್ನಿ.

ಕಳೆದ ವಾರ ಮಗನನ್ನು 78 ಕೆಜಿಯ ಹುಡುಗನೊಬ್ಬನ ಜೊತೆ ಆಡಿಸಿದರು. ಇಬ್ಬರೂ ಒಂದೇ ವಯಸ್ಸು. ಜೋರಾಗಿ ಹೊಡೆಯುವ ಹಾಗಿಲ್ಲ, ಮುಟ್ಟಿದರೆ ಸಾಕು ಅನ್ನುವ ಆಟ. ಎರಡು ಸುತ್ತಿನಲ್ಲಿ ಇವನಿಗೆ ಅವನನ್ನು ಮುಟ್ಟಲು ಆಗಿದ್ದು ಐದೋ ಆರೋ ಸಲ. ಕೆಳಗಿಳಿದು, ಬೆವರು ಒರೆಸಿಕೊಳ್ಳುತ್ತಾ, ಕೋಚ್ ಹತ್ತಿರ ಹೋಗಿ ಕೇಳಿದ: "ಸರ್, ಈ ಶನಿವಾರ ಉಸಿಕ್‌ದೇ ಹಾಕಿ. ಪಾದ ಮಾತ್ರ ನೋಡ್ತೀನಿ." ನೀವೂ ಬರುವುದಾದರೆ ಆರೂಮುಕ್ಕಾಲಿಗೇ ಬನ್ನಿ. ಪೋಷಕರಿಗೆ ಇರುವುದು ಒಂದೇ ಬೆಂಚು.