ಮೊದಲು ಯಾವ ಸಾಗಾ: ವೋಲ್ಸುಂಗ, ಹೆರ್ವೊರ್, ಓರ್ವರ್-ಓಡ್?

ಐಸ್‌ಲ್ಯಾಂಡಿನ ಪೌರಾಣಿಕ ಸಾಗಾಗಳಲ್ಲಿ (ಹಳೆಯ ಗದ್ಯಕಥನಗಳಲ್ಲಿ) ಜಾನಪದ ಆಶಯಗಳನ್ನು, ಅಂದರೆ ಕಥೆಯಿಂದ ಕಥೆಗೆ ಮರುಕಳಿಸುವ ಅಂಶಗಳನ್ನು, ಹುಡುಕುವವರು ಸಾಮಾನ್ಯವಾಗಿ ಈ ಮೂರರ ನಡುವೆ ತಡವರಿಸುತ್ತಾರೆ.

ಆಶಯಗಳ ಸಂಪತ್ತು ವೋಲ್ಸುಂಗದಲ್ಲೇ ಹೆಚ್ಚು: ಮರಕ್ಕೆ ದೇವರಾಜ ಓಡಿನ್ ಚುಚ್ಚಿಟ್ಟ ಕತ್ತಿ, ತೊಟ್ಟವರನ್ನು ತೋಳ ಮಾಡುವ ಚರ್ಮ, ನಿಧಿ ಕಾಯುವ ಡ್ರ್ಯಾಗನ್ ಫಾಫ್ನಿರ್. ಕೊಂದ ಡ್ರ್ಯಾಗನ್‌ನ ಹೃದಯ ಬೆಂದಿದೆಯೇ ಎಂದು ಮುಟ್ಟಿ ನೋಡಿದ ವೀರ ಸಿಗುರ್ಡ್ ಸುಟ್ಟ ಬೆರಳನ್ನು ಬಾಯಿಗಿಡುತ್ತಾನೆ. ತಕ್ಷಣ ಹಕ್ಕಿಗಳ ಮಾತು ಅರ್ಥವಾಗುತ್ತದೆ. ತೊಡಕೆಂದರೆ ಹೆಸರುಗಳು. ವಂಶವೃಕ್ಷ ಬರೆದಿಟ್ಟುಕೊಳ್ಳದಿದ್ದರೆ ಸಿಗ್ಮುಂಡ್, ಸಿಗ್ನಿ, ಸಿಗುರ್ಡ್ ಕಲಸುಮೇಲೋಗರವಾಗುತ್ತಾರೆ.

ಹೆರ್ವೊರ್ ಚಿಕ್ಕದು, ಬಿಗಿಯಾದದ್ದು. ಒರೆಯಿಂದ ಎಳೆದಾಗಲೆಲ್ಲ ಒಂದು ಜೀವ ಕೇಳುವ ಶಾಪಗ್ರಸ್ತ ಕತ್ತಿ ತಿರ್ಫಿಂಗ್. ಅದಕ್ಕಾಗಿ ತಂದೆಯ ಸಮಾಧಿಗೇ ಹೋಗಿ ಸತ್ತವನನ್ನು ಎಬ್ಬಿಸುವ ಮಗಳು. ಒಗಟುಪ್ರಿಯರಿಗೆ ಇದೇ ಸರಿ: ವೇಷ ಮರೆಸಿಕೊಂಡ ಓಡಿನ್ ದೊರೆ ಹೈಡ್ರೆಕ್‌ಗೆ ಸಾಲುಸಾಲು ಒಗಟು ಒಡ್ಡುತ್ತಾನೆ. ಆದರೆ ಮುಖ್ಯ ಹಸ್ತಪ್ರತಿಗಳು ಅಪೂರ್ಣ, ಮುದ್ರಿತ ಪಠ್ಯ ಹಲವು ಪ್ರತಿಗಳ ಹೊಲಿಗೆ. ಎರಡು ಅನುವಾದ ತಾಳೆಯಾಗದಿದ್ದರೆ ಗಾಬರಿ ಬೇಡ.

ಓದಿನ ಸರಾಗಕ್ಕೆ ಓರ್ವರ್-ಓಡ್: ದೈತ್ಯರು, ಹಾರಿ ಮರಳಿ ಬರುವ ಬಾಣಗಳು, 300 ವರ್ಷದ ಆಯುಷ್ಯ. ನಿನ್ನ ಕುದುರೆ ಫಾಕ್ಸಿಯಿಂದಲೇ ಸಾವು ಎಂಬ ಭವಿಷ್ಯ ಕೇಳಿ ಓಡ್ ಅದನ್ನು ಕೊಂದು ಹೂಳುತ್ತಾನೆ. ಕೊನೆಗೆ ಅದೇ ಕುದುರೆಯ ತಲೆಬುರುಡೆಯಿಂದ ಹಾವು ಹೊರಬಂದು ಅವನನ್ನು ಕಚ್ಚುತ್ತದೆ. ನಡುವಿನ ಕಾಳಗಗಳು, ನಿಜ ಹೇಳಬೇಕೆಂದರೆ, ಒಂದರಂತೆ ಇನ್ನೊಂದು. ವಿಧಿಯ ಆಶಯವಷ್ಟೇ ಬೇಕಿದ್ದರೆ ಆರಂಭ, ಅಂತ್ಯದ ಅಧ್ಯಾಯಗಳು ಸಾಕು.