ಬ್ರಿಟಿಷ್ ಮ್ಯೂಸಿಯಂನ ಅಸ್ಸೀರಿಯಾ ಗ್ಯಾಲರಿ: ಮೊದಲು ನಿನುರ್ತನನ್ನು ನೋಡಿ

ಊರಿಂದ ಲಂಡನ್ನಿಗೆ ಬರುವ ನೆಂಟರಿಗೆಲ್ಲ ನಾನು ತಪ್ಪದೇ ತೋರಿಸುವುದು ಬ್ರಿಟಿಷ್ ಮ್ಯೂಸಿಯಂನ ಅಸ್ಸೀರಿಯಾ (ಇಂದಿನ ಉತ್ತರ ಇರಾಕಿನಲ್ಲಿದ್ದ ಪ್ರಾಚೀನ ಸಾಮ್ರಾಜ್ಯ) ಗ್ಯಾಲರಿಗಳನ್ನು. ಪ್ರವೇಶ ಉಚಿತ. ಶುಕ್ರವಾರ ರಾತ್ರಿ 8.30ರವರೆಗೂ ತೆರೆದಿರುತ್ತದೆ, ನನಗೆ ಆ ಹೊತ್ತೇ ಇಷ್ಟ.

ಬಹಳ ಜನ ರೊಸೆಟ್ಟಾ ಕಲ್ಲಿಗೆ ಮುತ್ತಿಕೊಂಡು, ರೆಕ್ಕೆಯ ಗೂಳಿಗಳ ಮುಂದೆ ಫೋಟೊ ಹೊಡೆಸಿಕೊಂಡು ಮುಂದೆ ಹೋಗಿಬಿಡುತ್ತಾರೆ. ನೀವು ಅಸ್ಸೀರಿಯಾದ ಹಳೆಯ ನಗರ ನಿಮ್ರೂದ್‌ನಲ್ಲಿದ್ದ, ಯುದ್ಧದ ದೇವರು ನಿನುರ್ತನ ದೇವಾಲಯದಿಂದ ಬಂದ ಉಬ್ಬುಶಿಲ್ಪವನ್ನು ಹುಡುಕಿ. ನಾಲ್ಕು ರೆಕ್ಕೆಯ ದೇವರು ಎರಡೂ ಕೈಯಲ್ಲಿ ಸಿಡಿಲು ಹಿಡಿದು ದಾಪುಗಾಲು ಹಾಕಿದ್ದಾನೆ. ಎದುರಿಗಿರುವ ಪ್ರಾಣಿಗೆ ಸಿಂಹದ ಮೈ, ಹದ್ದಿನ ಹಿಂಗಾಲು. ಓಡುತ್ತಲೇ ಕತ್ತು ಹೊರಳಿಸಿ, ಬಾಯಿ ಕಳೆದು ಅವನ ಮೇಲೆ ಗರ್ಜಿಸುತ್ತಿದೆ. ದೇವರು ನಿನುರ್ತ, ಪ್ರಾಣಿ ಅಂಜು ಎಂಬ ರಾಕ್ಷಸ ಎಂದು ಅನೇಕ ವಿದ್ವಾಂಸರು ಗುರುತಿಸುತ್ತಾರೆ. ಅಂಜು ದೇವರುಗಳ ಒಡೆಯ ಎನ್ಲಿಲ್‌ನ ವಿಧಿಫಲಕವನ್ನು, ಅಂದರೆ ಲೋಕದ ಹಣೆಬರಹವನ್ನು ಆಳುವ ಫಲಕವನ್ನು, ಕದ್ದು ಬೆಟ್ಟಕ್ಕೆ ಹಾರಿದ, ಎನ್ಲಿಲ್‌ನ ಮಗ ನಿನುರ್ತ ಅವನನ್ನು ಕೊಂದ. ಸೋಮಕಾಸುರ ವೇದ ಕದ್ದ ಕಥೆ ಕೇಳಿ ಬೆಳೆದವರಿಗೆ ಇದು ತಟ್ಟನೆ ಹಿಡಿಸುತ್ತದೆ.

ದಕ್ಷಿಣ ಇರಾಕಿನ ಪ್ರಾಚೀನ ನಾಡು ಸುಮೇರಿನ ನಿಪ್ಪುರ ನಗರದ ಈ ದೇವರನ್ನು ಅಸ್ಸೀರಿಯಾದ ಅರಸರು ತಮ್ಮವನನ್ನಾಗಿ ಮಾಡಿಕೊಂಡರು. ಕ್ರಿ.ಪೂ. 13ನೇ ಶತಮಾನದಲ್ಲೇ ತುಕುಲ್ತಿ-ನಿನುರ್ತ ಎಂಬ ದೊರೆಯಿದ್ದ. ಇಮ್ಮಡಿ ಅಶ್ಶೂರ್‌ನಾಸಿರ್‌ಪಾಲ್ (ಕ್ರಿ.ಪೂ. 883–859) ಕಲ್ಹುವನ್ನು, ಅಂದರೆ ಇಂದಿನ ನಿಮ್ರೂದನ್ನು, ರಾಜಧಾನಿ ಮಾಡಿ ನಿನುರ್ತನಿಗೆ ಗುಡಿ ಕಟ್ಟಿಸಿದ. ತನ್ನ ದಂಡಯಾತ್ರೆಗಳನ್ನೆಲ್ಲ ಆ ಗುಡಿಯ ಚಪ್ಪಡಿಗಳ ಮೇಲೇ ಕೊರೆಸಿದ. ಬೇಟೆಯಾಡು ಎಂದು ನಿನುರ್ತ, ನೆರ್ಗಲ್ ದೇವರೇ ಅಪ್ಪಣೆ ಕೊಟ್ಟರು, 450 ಸಿಂಹ ಕೊಂದೆ ಎನ್ನುತ್ತಾನೆ.

ಇದು ತಲೆಯಲ್ಲಿದ್ದರೆ 10ನೇ ಕೋಣೆಯಲ್ಲಿರುವ, ಮುಂದಿನ ಕಾಲದ ಅಸ್ಸೀರಿಯಾ ದೊರೆ ಅಶ್ಶೂರ್‌ಬಾನಿಪಾಲ್‌ನ ಸಿಂಹಬೇಟೆಯ ಶಿಲ್ಪ ಬೇರೆಯದೇ ಆಗಿ ಕಾಣುತ್ತದೆ. ಬೆನ್ನಿಗೆ ಬಾಣ ನಾಟಿ, ಸತ್ತ ಹಿಂಗಾಲುಗಳನ್ನು ಎಳೆದುಕೊಂಡು ಮುಂದಕ್ಕೆ ತೆವಳುವ ಹೆಣ್ಣುಸಿಂಹದ ಮುಂದೆ ನಿಂತಾಗಲೆಲ್ಲ ನನ್ನ ಕರುಳು ಚುರುಕ್ ಎನ್ನುತ್ತದೆ. ಅರಸನಿಗೆ ಅದು ಬರೀ ಮೋಜಲ್ಲ, ದೇವರು ಬೆಟ್ಟದಲ್ಲಿ ಮಾಡಿದ್ದನ್ನು ತಾನು ನೆಲದ ಮೇಲೆ ಮಾಡಿ ತೋರಿಸುವ ರಾಜಕಾರ್ಯ.

ಇದೇ ನಿನುರ್ತ ರೈತರ ದೇವರೂ ಹೌದು. ಉಳುಮೆ, ಬಿತ್ತನೆ, ಕೊಯ್ಲಿನ ಕ್ರಮ ಹೇಳುವ ಸುಮೇರಿಯನ್ ಬರಹವೊಂದು ಅವನ ಉಪದೇಶವೆಂದೇ ಮುಗಿಯುತ್ತದೆ. ಬೆಟ್ಟದಲ್ಲಿ ಕಲ್ಲೊಟ್ಟಿ, ನೀರನ್ನು ಟೈಗ್ರಿಸ್‌ಗೆ ತಿರುಗಿಸಿ ಹೊಲ ಹಸಿರು ಮಾಡಿದವನೂ ಅವನೇ. ಅರಸರು ಮೆರೆಸಿದ್ದು ಅವನ ಆಯುಧವನ್ನು. ನನಗೆ ನೇಗಿಲಿನ ನಿನುರ್ತನೇ ದೊಡ್ಡವನು.

ಹೊರಗಿನ ಏಜೆನ್ಸಿಯೊಂದರ ಗೈಡ್ ಜೊತೆ ಹೋದಾಗ ಇಷ್ಟನ್ನೂ ಹತ್ತು ನಿಮಿಷದಲ್ಲಿ ಓಡಿಸಿಬಿಟ್ಟ, ನಿನುರ್ತನ ಹೆಸರೇ ಎತ್ತಲಿಲ್ಲ. ದುಡ್ಡು ಕೊಟ್ಟು ಅಂಥ ಟೂರ್ ತಗೊಳ್ಳಬೇಡಿ. ಎರಡು ಗಂಟೆ ಬಿಡುವು ಮಾಡಿಕೊಳ್ಳಿ, ನಿಮ್ರೂದ್‌ನ ಶಿಲ್ಪಗಳಿಂದ ಶುರುಮಾಡಿ, ಸಿಂಹಬೇಟೆಯನ್ನು ಕೊನೆಗೆ ಇಟ್ಟುಕೊಳ್ಳಿ.