ಅಮೆರಿಕದಲ್ಲಿ ‘ಫ್ರೀ’ ಫೋನಿಗೆ ಅಪ್‌ಗ್ರೇಡ್ ಆಗುವ ಮುಂಚೆ ಇದನ್ನು ಓದಿ

ಅಮೆರಿಕದಲ್ಲಿದ್ದು, ಆಗಾಗ ಊರಿಗೆ ಬಂದು ಹೋಗುವ ಕನ್ನಡಿಗರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಹಳೆ ಫೋನಿನ ಕಂತು ಮುಗಿದಿದೆ, ನೆಟ್‌ವರ್ಕ್ ಕಂಪನಿಯವರು ‘ನಿಮಗೆ ಅಪ್‌ಗ್ರೇಡ್ ರೆಡಿ ಇದೆ’ ಎಂದು ಮೆಸೇಜ್ ಕಳಿಸುತ್ತಿದ್ದಾರೆ, ನೀವು ಐಫೋನ್ ತಗೊಳ್ಳಲೋ ಗ್ಯಾಲಕ್ಸಿ ತಗೊಳ್ಳಲೋ ಎಂದು ಯೋಚಿಸುತ್ತಿದ್ದೀರಿ ಅಂದುಕೊಳ್ಳಿ. ಒಂದು ನಿಮಿಷ ನಿಲ್ಲಿ. ಯಾವ ಫೋನ್ ಅನ್ನುವುದಕ್ಕಿಂತ ಆ ಫೋನನ್ನು ಯಾವ ಕರಾರಿನಲ್ಲಿ ಕೊಡುತ್ತಿದ್ದಾರೆ ಅನ್ನುವುದು ಮುಖ್ಯ. ಅಂಗಡಿಯಲ್ಲಿ ಎರಡು ಫೋನನ್ನು ಪಕ್ಕಪಕ್ಕ ಇಟ್ಟು ತೋರಿಸುತ್ತಾರೆ. ಎರಡು ಕರಾರನ್ನು ಹಾಗೆ ಪಕ್ಕಪಕ್ಕ ಇಟ್ಟು ಯಾರೂ ತೋರಿಸುವುದಿಲ್ಲ.

2024ರ ಮಾರ್ಚ್‌ನಲ್ಲಿ ನನ್ನ ಮುಂದೆ ಇದ್ದದ್ದು ಐಫೋನ್ 15 ಮತ್ತು ಗ್ಯಾಲಕ್ಸಿ ಎಸ್24. ಎರಡೂ 128 ಜಿಬಿ, ಎರಡಕ್ಕೂ 799 ಡಾಲರ್. ನನ್ನ ಹಳೆ ಐಫೋನ್ 12 ಕೊಟ್ಟರೆ ಎರಡೂ ‘ಫ್ರೀ’. ಫೋನುಗಳ ಬಗ್ಗೆ ನನಗೆ ಯಾವ ದೂರೂ ಇಲ್ಲ, ಎರಡೂ ಒಳ್ಳೆಯವೇ. ಎಸ್24ಗೆ ಏಳು ವರ್ಷ ಅಪ್‌ಡೇಟ್ ಕೊಡುತ್ತೇವೆ ಎಂದು ಸ್ಯಾಮ್‌ಸಂಗ್ ಆಗಷ್ಟೇ ಹೇಳಿತ್ತು. ಐಫೋನ್ 15ಕ್ಕೆ ಯುಎಸ್‌ಬಿ-ಸಿ ಬಂದಿತ್ತು, ಒಂದೇ ಚಾರ್ಜರ್ ಎಲ್ಲದಕ್ಕೂ ಸಾಕಾಗುತ್ತಿತ್ತು. ಕ್ಯಾಮೆರಾ, ಬ್ಯಾಟರಿ ಇವುಗಳ ಬಗ್ಗೆ ಯೂಟ್ಯೂಬಿನಲ್ಲಿ ಬೇಕಾದಷ್ಟು ಸಿಗುತ್ತದೆ, ನಾನು ಮತ್ತೆ ಹೇಳುವುದಿಲ್ಲ.

ನಾನು ಅಂಗಡಿಯವರನ್ನು ನೇರವಾಗಿ ಕೇಳಿದ್ದೆ: ‘ವರ್ಷದ ಕೊನೆಗೆ ಇಂಡಿಯಾಗೆ ಹೋಗುತ್ತೇನೆ, ಅಲ್ಲಿ ಇದು ಕೆಲಸ ಮಾಡುತ್ತದಾ?’ ‘ಖಂಡಿತ, ಎಲ್ಲಾ ಕಡೆ ಮಾಡುತ್ತದೆ’ ಅಂದರು. ಅವರು ಹೇಳಿದ್ದು ರೋಮಿಂಗ್ ಬಗ್ಗೆ. ನಾನು ಕೇಳಿದ್ದು ಊರಿನ ಸಿಮ್ ಬಗ್ಗೆ ಎಂದು ಅವರಿಗೂ ಗೊತ್ತಿತ್ತು, ಯಾಕಂದರೆ ಐಫೋನ್ 12ರಿಂದ ಆ ಸಿಮ್ಮನ್ನು ತೆಗೆದು ನನ್ನ ಕೈಗೆ ಕೊಟ್ಟವರೇ ಅವರು. ಐಫೋನ್ ತಗೊಂಡೆ.

ಈಗ ಒಂದು ವಿಷಯ ಗಮನಿಸಿ. ಐಫೋನ್ 14ರಿಂದ ಈಚೆಗೆ ಅಮೆರಿಕದಲ್ಲಿ ಮಾರುವ ಐಫೋನುಗಳಿಗೆ ಸಿಮ್ ಹಾಕುವ ಜಾಗವೇ ಇಲ್ಲ, ಬರೀ ಇ-ಸಿಮ್, ಅಂದರೆ ಪ್ಲಾಸ್ಟಿಕ್ ಕಾರ್ಡ್ ಇಲ್ಲದೆ ಫೋನಿನೊಳಗೇ ಚಾಲೂ ಮಾಡುವ ಸಿಮ್. ಅದೇ ಐಫೋನ್ 15 ಬೆಂಗಳೂರಿನಲ್ಲಿ ಕೊಂಡರೆ ಸಿಮ್ ಟ್ರೇ ಇರುತ್ತದೆ. 2025ರಲ್ಲಿ ಬಂದ ಗೂಗಲ್‌ನ ಪಿಕ್ಸೆಲ್ 10 ಕೂಡ ಅಮೆರಿಕದಲ್ಲಿ ಟ್ರೇ ಇಲ್ಲದೆಯೇ ಬಂತು. ಎಸ್24ರಲ್ಲಿ ಟ್ರೇ ಇದೆ. ಹಾಗಾದರೆ ಗ್ಯಾಲಕ್ಸಿ ತಗೊಂಡಿದ್ದರೆ ಬಚಾವಾಗುತ್ತಿದ್ದೆನಾ? ಇಲ್ಲ. ಟ್ರೇ ಇದ್ದರೂ ಫೋನ್ ಲಾಕ್ ಆಗಿದ್ದರೆ ಬೇರೆ ಕಂಪನಿಯ ಸಿಮ್ ಅದರಲ್ಲಿ ಓಡುವುದಿಲ್ಲ. ನಿಜವಾದ ತೊಂದರೆ ಇರುವುದು ಲಾಕ್‌ನಲ್ಲಿ. ನನಗೆ ಫೋನ್ ಕೊಟ್ಟ ನೆಟ್‌ವರ್ಕ್ ಕಂಪನಿಯ ನಿಯಮ ಹೀಗಿತ್ತು: ಕೊನೆಯ ಕಂತು ಕಟ್ಟುವವರೆಗೂ ಫೋನ್ ಅವರ ನೆಟ್‌ವರ್ಕಿಗೇ ಲಾಕ್. ಕಂತು 36 ತಿಂಗಳು. ನಾನು ಸಹಿ ಮಾಡಿದ ಟ್ಯಾಬ್ಲೆಟ್ ಪರದೆಯ ಮೇಲೆ ಈ ಮಾತು ಇರಲಿಲ್ಲ. ‘ಅನ್‌ಲಾಕ್ ಪಾಲಿಸಿಗೆ ವೆಬ್‌ಸೈಟ್ ನೋಡಿ’ ಎಂದು ಒಂದು ಸಾಲು ಇತ್ತು ಅಷ್ಟೇ.

ಡಿಸೆಂಬರಿನಲ್ಲಿ ಅಮ್ಮನ ಕಣ್ಣಿನ ಪೊರೆ ಆಪರೇಷನ್‌ಗೆ ಹಾಸನಕ್ಕೆ ಬಂದೆ. ನನ್ನ ಊರಿನ ನಂಬರೇ ಬ್ಯಾಂಕಿಗೂ ಆಧಾರಿಗೂ ಜೋಡಣೆಯಾಗಿರುವುದು. ಬಸ್ ಸ್ಟ್ಯಾಂಡ್ ಹತ್ತಿರದ ಮೊಬೈಲ್ ಅಂಗಡಿಗೆ ಹೋಗಿ ‘ಈ ಸಿಮ್ ಹಾಕಿಕೊಡಪ್ಪ’ ಅಂದೆ. ಹುಡುಗ ಪಿನ್ ಹಿಡಿದುಕೊಂಡು ಫೋನಿನ ನಾಲ್ಕೂ ಅಂಚನ್ನು ಬೆರಳಲ್ಲಿ ಸವರಿ ತೂತು ಹುಡುಕಿದ. ಕವರ್ ಬಿಚ್ಚಿ ಮತ್ತೆ ಹುಡುಕಿದ. ‘ಸಾರ್, ಇದರಲ್ಲಿ ಸಿಮ್ ಜಾಗನೇ ಇಲ್ಲ’ ಅಂದ. ಆಮೇಲೆ ಅವನೇ ಇ-ಸಿಮ್ ಮಾಡಿಸೋಣ ಎಂದು ಹೇಳಿ, ಸಿಮ್ಮನ್ನು ತನ್ನ ಫೋನಿಗೆ ಹಾಕಿ ಸಿಮ್ ಕಂಪನಿಗೆ ಎಸ್‌ಎಂಎಸ್ ಕಳಿಸಿದ. ಕನ್ಫರ್ಮ್ ಮಾಡಿದೆವು. ಕ್ಯೂಆರ್ ಕೋಡ್ ಬಂತು. ನನ್ನ ಫೋನಿನಲ್ಲಿ ಸ್ಕ್ಯಾನ್ ಮಾಡಿದರೆ ‘ಸಿಮ್ ನಾಟ್ ಸಪೋರ್ಟೆಡ್’.

ಅಷ್ಟರಲ್ಲಿ ಹಳೆ ಸಿಮ್ ಬಂದ್ ಆಗಿತ್ತು. ಇ-ಸಿಮ್‌ಗೆ ಬದಲಾಯಿಸಿ ಎಂದು ಕೇಳಿ ಒಪ್ಪಿಗೆ ಕೊಟ್ಟ ಮೇಲೆ ಪ್ಲಾಸ್ಟಿಕ್ ಸಿಮ್ ಸತ್ತುಹೋಗುತ್ತದೆ. ಇ-ಸಿಮ್ ಹಾಕಿಕೊಳ್ಳಲು ನನ್ನ ಫೋನ್ ಬಿಡುತ್ತಿಲ್ಲ. ಆ ಕಡೆಯೂ ಇಲ್ಲ, ಈ ಕಡೆಯೂ ಇಲ್ಲ. ಮತ್ತೆ ಆಧಾರ್ ಹಿಡಿದುಕೊಂಡು ಸಿಮ್ ಕಂಪನಿಯ ಸ್ಟೋರಿಗೆ ಹೋಗಿ ಹೊಸ ಪ್ಲಾಸ್ಟಿಕ್ ಸಿಮ್ ಮಾಡಿಸಿದೆ. ಸಿಮ್ ಬದಲಾದ ಮೇಲೆ 24 ಗಂಟೆ ಎಸ್‌ಎಂಎಸ್ ಬರುವುದೂ ಇಲ್ಲ, ಹೋಗುವುದೂ ಇಲ್ಲ. ನಮ್ಮ ಸಿಮ್ಮನ್ನು ಬೇರೆಯವರು ಮಾಡಿಸಿಕೊಂಡು ಖಾತೆ ಖಾಲಿ ಮಾಡುವುದನ್ನು ತಡೆಯಲು ಸರ್ಕಾರ ಮಾಡಿರುವ ನಿಯಮ ಇದು. ಒಳ್ಳೆಯ ನಿಯಮವೇ. ಆದರೆ ಆ 24 ಗಂಟೆ ಒಂದು ಒಟಿಪಿಯೂ ಬರಲಿಲ್ಲ. ಸಿಮ್ ಚಾಲೂ ಆದ ಮೇಲೂ ಯುಪಿಐ ಆಗಲಿಲ್ಲ, ಯಾಕಂದರೆ ಆ್ಯಪ್ ಇರುವ ಫೋನಿನಲ್ಲೇ ಸಿಮ್ ಇರಬೇಕು. ಸಿಮ್ ಇದ್ದದ್ದು ಅಮ್ಮನ ಕೀಪ್ಯಾಡ್ ಫೋನಿನಲ್ಲಿ. ಆಸ್ಪತ್ರೆಯ ಬಿಲ್ ಭಾವ ಕಟ್ಟಿದರು. ಖಾತೆಯಲ್ಲಿ ದುಡ್ಡು ಇಟ್ಟುಕೊಂಡು ಆಸ್ಪತ್ರೆಯ ಕೌಂಟರ್ ಮುಂದೆ ಸುಮ್ನೆ ನಿಲ್ಲಬೇಕಾಯಿತು. ನನಗೆ ಇವತ್ತಿಗೂ ಸಿಟ್ಟು ಬರುವುದು ಆ ಕಾರಣಕ್ಕೆ.

ರೋಮಿಂಗ್ ಇತ್ತು, ಕರೆ ಮಾಡಬಹುದಿತ್ತು. ದಿನಕ್ಕೆ 12 ಡಾಲರ್. ಊರಿನಲ್ಲಿ ಅದೇ ದುಡ್ಡಿಗೆ ತಿಂಗಳುಗಟ್ಟಲೆ ದಿನಾ ಡೇಟಾ ಸಿಗುತ್ತದೆ, ಅಲ್ವಾ?

ಅಲ್ಲಿಂದಲೇ ಅಮೆರಿಕದ ಕಂಪನಿಗೆ ಫೋನ್ ಮಾಡಿದೆ. ‘ಅನ್‌ಲಾಕ್ ಬೇಕಾದರೆ ಬಾಕಿ ಪೂರ್ತಿ ಕಟ್ಟಿ’ ಅಂದರು. ಆಗ ಉಳಿದಿದ್ದು 28 ಕಂತು, ಕಂತಿಗೆ 22.19 ಡಾಲರ್, ಒಟ್ಟು 621 ಡಾಲರ್. ಸರಿ, ಕಟ್ಟುತ್ತೇನೆ, ನನ್ನ ಟ್ರೇಡ್-ಇನ್ ಕ್ರೆಡಿಟ್ (ಹಳೆ ಫೋನ್ ಕೊಟ್ಟದ್ದಕ್ಕೆ ತಿಂಗಳ ಬಿಲ್ಲಿನಲ್ಲಿ ಕಳೆಯುವ ದುಡ್ಡು) ಮುಂದುವರಿಯುತ್ತದಲ್ಲ ಎಂದು ಕೇಳಿದೆ. ಇಲ್ಲವಂತೆ. ಕಂತು ಮುಗಿದ ದಿನವೇ ಕ್ರೆಡಿಟ್ ಕೂಡ ನಿಲ್ಲುತ್ತದೆ.

‘ಫ್ರೀ’ ಅನ್ನುವುದು ನಿಂತಿರುವುದೇ ಇದರ ಮೇಲೆ, ಹಾಗಾಗಿ ಸ್ವಲ್ಪ ಬಿಡಿಸಿ ಹೇಳುತ್ತೇನೆ. ಹಳೆ ಫೋನ್ ತಗೊಂಡು ನಿಮಗೆ 800 ಡಾಲರ್ ಕೊಡುವುದಿಲ್ಲ. ಹೊಸ ಫೋನನ್ನು ನಿಮಗೆ ಸಾಲಕ್ಕೆ ಮಾರುತ್ತಾರೆ. 799ನ್ನು 36 ಭಾಗ ಮಾಡಿ ತಿಂಗಳಿಗೆ 22.19 ಡಾಲರ್ ಕಂತು ಹಾಕುತ್ತಾರೆ. ಅದೇ ಬಿಲ್ಲಿನಲ್ಲಿ ಕೆಳಗಡೆ ಅಷ್ಟೇ ಮೊತ್ತವನ್ನು ಕ್ರೆಡಿಟ್ ಎಂದು ಕಳೆಯುತ್ತಾರೆ. ಸಾಲ ಪೂರ್ತಿ ನಿಮ್ಮದು, ಕ್ರೆಡಿಟ್ ಮಾತ್ರ ಅವರ ಷರತ್ತಿನ ಮೇಲೆ. ಲೈನ್ ನಿಲ್ಲಿಸಿದರೆ ಕ್ರೆಡಿಟ್ ಹೋಯಿತು. ಅಗ್ಗದ ಪ್ಲಾನಿಗೆ ಇಳಿದರೆ ಹೋಯಿತು. ಬೇಗ ತೀರಿಸಿದರೂ ಹೋಯಿತು. ಹಳೆ ಫೋನಂತೂ ಮೊದಲೇ ಕೊಟ್ಟಾಗಿದೆ, ಅದು ವಾಪಸ್ ಬರುವುದಿಲ್ಲ.

ಈಗ ಲೆಕ್ಕ ನೋಡಿ. ಈ ಆಫರ್ ಸಿಗಬೇಕಾದರೆ ದುಬಾರಿ ಅನ್‌ಲಿಮಿಟೆಡ್ ಪ್ಲಾನಿಗೆ ಹತ್ತಬೇಕಿತ್ತು, ತಿಂಗಳಿಗೆ 15 ಡಾಲರ್ ಜಾಸ್ತಿ. 36 ತಿಂಗಳಿಗೆ 540. ಕ್ಯಾಲಿಫೋರ್ನಿಯಾದಲ್ಲಿ ಇಂಥ ಆಫರ್ ಇದ್ದರೂ ತೆರಿಗೆ ಹಾಕುವುದು ಪೂರ್ತಿ ಬೆಲೆಯ ಮೇಲೆ, ನಮ್ಮ ಕಡೆ ಅದು ಸುಮಾರು 73 ಡಾಲರ್, ಅವತ್ತೇ ಕಟ್ಟಬೇಕು. ಅಪ್‌ಗ್ರೇಡ್ ಶುಲ್ಕ 35. ಒಟ್ಟು 648. ಹಳೆ ಐಫೋನ್ 12 ಹೊರಗೆ ಮಾರಿದ್ದರೆ 200 ಡಾಲರ್ ಹತ್ತಿರ ಸಿಗುತ್ತಿತ್ತು, ಅದನ್ನೂ ಸೇರಿಸಿ, 848. ಇದೇ ಫೋನನ್ನು ಲಾಕ್ ಇಲ್ಲದೆ ತೆರಿಗೆ ಸಮೇತ ಕೊಂಡರೆ 872. ಅಂದರೆ ಹೆಚ್ಚುಕಡಿಮೆ ಪೂರ್ತಿ ದುಡ್ಡು ಕೊಟ್ಟೇ ಕೊಂಡ ಹಾಗಾಯಿತು, ಮೇಲೆ ಮೂರು ವರ್ಷ ಕೈಕಾಲು ಕಟ್ಟಿಹಾಕಿಸಿಕೊಂಡ ಹಾಗೂ ಆಯಿತು. ನಮ್ಮದೇ ಫೋನ್ ಇದ್ದಿದ್ದರೆ ತಿಂಗಳಿಗೆ 25-30 ಡಾಲರಿನ ಪ್ರೀಪೇಯ್ಡ್ ಪ್ಲಾನಿಗೆ ಯಾವಾಗ ಬೇಕಾದರೂ ಹೋಗಬಹುದಿತ್ತು. ಆ ಉಳಿತಾಯವನ್ನು ನಾನು ಇಲ್ಲಿ ಲೆಕ್ಕಕ್ಕೇ ತಗೊಂಡಿಲ್ಲ.

ಎಚ್-1ಬಿ ಉದ್ಯೋಗ ವೀಸಾ ಮೇಲೆ ಇರುವವರು ಇದನ್ನು ಇನ್ನೂ ಗಂಭೀರವಾಗಿ ನೋಡಬೇಕು. ಮೊದಲ ವೀಸಾ ಅವಧಿಯೇ ಹೆಚ್ಚೆಂದರೆ ಮೂರು ವರ್ಷ. ಕೆಲಸ ಹೋದರೆ ಇನ್ನೊಂದು ಕೆಲಸ ಹುಡುಕಿಕೊಳ್ಳಲು ಸಿಗುವುದು ಹೆಚ್ಚೆಂದರೆ 60 ದಿನ. ಅಂಥವರ ಕೈಗೆ 36 ತಿಂಗಳ ಸಾಲದ ಫೋನ್ ಕೊಟ್ಟು ‘ಫ್ರೀ’ ಅನ್ನುವುದು ತಪ್ಪು ಎಂದು ನನಗೆ ಅನಿಸುತ್ತದೆ. ಲೇಆಫ್ ಆಗಿ ಊರಿಗೆ ಹೊರಟ ನನ್ನ ಗೆಳೆಯನೊಬ್ಬ ಲೈನ್ ನಿಲ್ಲಿಸಿದ ಕೂಡಲೇ ಎರಡು ಫೋನಿನ ಬಾಕಿ ಒಟ್ಟಿಗೆ ಬಿಲ್ಲಿಗೆ ಬಂತು. ಬಾಡಿಗೆ, ಟಿಕೆಟ್, ಸಾಮಾನು ಸಾಗಿಸುವ ಖರ್ಚಿನ ಮಧ್ಯೆ ಅದೂ ಒಂದು.

ಟ್ರೇಡ್-ಇನ್‌ನಲ್ಲೂ ತಕರಾರು ಆಯಿತು. ಮೊದಲ ಎರಡು ಬಿಲ್ಲಿಗೆ ಕ್ರೆಡಿಟ್ ಬರುವುದಿಲ್ಲ, ಮೂರನೆಯದರಿಂದ ಸೇರಿಸಿ ಬರುತ್ತದೆ ಎಂದಿದ್ದರು. ಮೂರನೆಯ ಬಿಲ್ಲಿನಲ್ಲಿ ಬಂದದ್ದು ಹೇಳಿದ್ದರ ಅರ್ಧಕ್ಕಿಂತ ಕಡಿಮೆ. ‘ನಿಮ್ಮ ಹಳೆ ಫೋನಿನ ಸ್ಕ್ರೀನ್ ಒಡೆದಿತ್ತು’ ಎಂಬ ಕಾರಣ. ಒಡೆದಿರಲಿಲ್ಲ. ಡಬ್ಬಿಗೆ ಹಾಕುವಾಗ ಸ್ಕ್ರೀನ್ ಆನ್ ಮಾಡಿ, *#06# ಒತ್ತಿ, ಫೋನಿನ ಗುರುತಾದ ಐಎಂಇಐ ನಂಬರ್ ಕಾಣುವ ಹಾಗೆ ವಿಡಿಯೊ ಮಾಡಿಟ್ಟಿದ್ದೆ. ಅದಿಲ್ಲದಿದ್ದರೆ ಆ ದುಡ್ಡು ಹೋಗುತ್ತಿತ್ತು. ನೀವೂ ವಿಡಿಯೊ ಮಾಡಿ. ಕೊರಿಯರ್ ಲೇಬಲ್ಲೂ ಅದರಲ್ಲಿ ಬರಲಿ.

ಇದೆಲ್ಲ ಅಮೆರಿಕದ ಕಥೆ. ಕೆನಡಾದಲ್ಲಿ 2017ರ ಡಿಸೆಂಬರ್‌ನಿಂದಲೇ ಫೋನುಗಳನ್ನು ಲಾಕ್ ಇಲ್ಲದೆ ಕೊಡಬೇಕೆಂಬ ನಿಯಮ ಇದೆ. ಬ್ರಿಟನ್‌ನಲ್ಲಿ 2021ರ ಡಿಸೆಂಬರ್‌ನಿಂದ ಲಾಕ್ ಮಾಡಿದ ಫೋನ್ ಮಾರುವ ಹಾಗಿಲ್ಲ. ಅಲ್ಲಿರುವವರು ಕರಾರಿನ ನಡುವೆ ಬಿಲ್ ಏರುತ್ತದಾ ಎಂದು ನೋಡಿಕೊಂಡರೆ ಸಾಕು. ಎಷ್ಟು ಏರುತ್ತದೆ ಎಂದು ಹೊಸ ಕರಾರುಗಳಲ್ಲಿ ಪೌಂಡು-ಪೆನ್ಸಿನಲ್ಲೇ ಮೊದಲೇ ಹೇಳಬೇಕೆಂಬ ನಿಯಮ 2025ರ ಜನವರಿ 17ರಿಂದ ಬಂದಿದೆ. ಅಮೆರಿಕದಲ್ಲಿ ಮಾತ್ರ ಕಂಪನಿಗೊಂದು ನಿಯಮ.

ಹಾಗಾಗಿ ಅಂಗಡಿಯಲ್ಲಿ ‘ಇಂಡಿಯಾದಲ್ಲಿ ಕೆಲಸ ಮಾಡುತ್ತದಾ’ ಎಂದು ಕೇಳಬೇಡಿ. ಹೀಗೆ ಕೇಳಿ: ‘ಈ ಫೋನ್ ಯಾವ ದಿನ ಅನ್‌ಲಾಕ್ ಆಗುತ್ತದೆ? ಬೇಗ ತೀರಿಸಿದರೆ ಕ್ರೆಡಿಟ್ ಏನಾಗುತ್ತದೆ? ಪ್ಲಾನ್ ಬದಲಾಯಿಸಿದರೆ?’ ಬಾಯಿಮಾತಿನ ಉತ್ತರ ಬೇಡ, ಕಂಪನಿಯ ಚಾಟ್‌ನಲ್ಲಿ ಇದೇ ಪ್ರಶ್ನೆ ಹಾಕಿ ಉತ್ತರದ ಸ್ಕ್ರೀನ್‌ಶಾಟ್ ಇಟ್ಟುಕೊಳ್ಳಿ. ಆಮೇಲೆ ಮನೆಗೆ ಬನ್ನಿ. ಆಫರ್ ಇವತ್ತೇ ಮುಗಿಯುತ್ತದೆ ಎಂದು ಅವಸರ ಮಾಡುತ್ತಾರೆ, ಮುಂದಿನ ತಿಂಗಳು ಅಂಥದ್ದೇ ಇನ್ನೊಂದು ಬಂದೇ ಬರುತ್ತದೆ. ಆಗಲೇ ತಗೊಂಡಾಗಿದ್ದರೆ ವಾಪಸ್ ಮಾಡುವ ಅವಧಿ ಇನ್ನೂ ಇದೆಯಾ ನೋಡಿ. ವಾಪಸ್ ತಗೊಳ್ಳಲು ರೀಸ್ಟಾಕಿಂಗ್ ಶುಲ್ಕ ಎಂದು ಕೇಳಬಹುದು, ಆದರೂ ಮೂರು ವರ್ಷದ ಗಂಟಿಗಿಂತ ಅದು ವಾಸಿ.

ಈಗ ಕೈಯಲ್ಲಿರುವ ಐಫೋನ್ ಲಾಕ್ ಆಗಿದೆಯಾ ಎಂದು ನೋಡುವುದು ಸುಲಭ. ಸೆಟ್ಟಿಂಗ್ಸ್, ಜನರಲ್, ಅಬೌಟ್‌ಗೆ ಹೋಗಿ ಕೆಳಗೆ ಬಂದರೆ ‘ಕ್ಯಾರಿಯರ್ ಲಾಕ್’ ಎಂದಿರುತ್ತದೆ. ಅದರ ಮುಂದೆ ‘ನೋ ಸಿಮ್ ರಿಸ್ಟ್ರಿಕ್ಷನ್ಸ್’ ಅಂತ ಇದ್ದರೆ ಯಾವ ಕಂಪನಿಯ ಸಿಮ್ ಆದರೂ ನಡೆಯುತ್ತದೆ (ಟ್ರೇ ಇಲ್ಲದ ಫೋನಾದರೆ ಇ-ಸಿಮ್ ಆಗಿ). ಇಲ್ಲದಿದ್ದರೆ ಊರಿನ ಸಿಮ್ಮನ್ನು ದಯವಿಟ್ಟು ಇ-ಸಿಮ್ ಮಾಡಿಸಲು ಹೋಗಬೇಡಿ. ಲಾಕ್ ಇಲ್ಲದ ಒಂದು ಹಳೆ ಆಂಡ್ರಾಯ್ಡ್ ಫೋನನ್ನು ಟ್ರೇಡ್-ಇನ್ ಮಾಡದೆ ಉಳಿಸಿಕೊಂಡು, ಊರಿನ ಸಿಮ್ಮೂ ಯುಪಿಐ ಆ್ಯಪೂ ಅದರಲ್ಲೇ ಇರಲಿ.

ಅನಿವಾಸಿ ಭಾರತೀಯರ ಎನ್‌ಆರ್‌ಇ ಅಥವಾ ಎನ್‌ಆರ್‌ಒ ಬ್ಯಾಂಕ್ ಖಾತೆ ಇದ್ದವರಿಗೆ ಇನ್ನೊಂದು ದಾರಿ ಇದೆ. 2023ರಲ್ಲಿ ಅಮೆರಿಕವೂ ಸೇರಿ 10 ದೇಶಗಳ ನಂಬರಿನಲ್ಲೇ ಯುಪಿಐ ಬಳಸಲು, ಅದನ್ನು ನಡೆಸುವ ಸಂಸ್ಥೆಯಾದ ಎನ್‌ಪಿಸಿಐ ಅವಕಾಶ ಕೊಟ್ಟಿತು. ನಿಮ್ಮ ಬ್ಯಾಂಕ್ ಮತ್ತು ಆ್ಯಪ್ ಅದಕ್ಕೆ ಒಪ್ಪುತ್ತವಾ ಎಂದು ಟಿಕೆಟ್ ಬುಕ್ ಮಾಡುವ ಹೊತ್ತಿಗೇ ಕೇಳಿ ಇಟ್ಟುಕೊಳ್ಳಿ. ಊರಿಗೆ ಬಂದ ಮೇಲೆ ಓಡಾಡುವುದು ಕಷ್ಟ.

ಕಂಪನಿ ಮಾತು ಕೇಳದಿದ್ದರೆ ಅಮೆರಿಕದ ದೂರಸಂಪರ್ಕ ನಿಯಂತ್ರಣ ಸಂಸ್ಥೆಯಾದ ಎಫ್‌ಸಿಸಿಗೆ ದೂರು ಕೊಡಿ. ಆನ್‌ಲೈನ್‌ನಲ್ಲಿ ಆಗುತ್ತದೆ, ದುಡ್ಡು ಕೊಡಬೇಕಿಲ್ಲ, ವಕೀಲರು ಬೇಕಿಲ್ಲ. ಅವರು ದೂರನ್ನು ಕಂಪನಿಗೆ ಕಳಿಸುತ್ತಾರೆ, ಕಂಪನಿ 30 ದಿನದೊಳಗೆ ಲಿಖಿತ ಉತ್ತರ ಕೊಡಬೇಕು. ಗ್ರಾಹಕ ಸೇವೆಯಲ್ಲಿ ತಿಂಗಳುಗಟ್ಟಲೆ ಸಿಗದ ಉತ್ತರ ನನಗೆ ಅಲ್ಲಿಂದ ಸಿಕ್ಕಿತು. ವಿಡಿಯೊ ನೋಡಿದ ಮೇಲೆ ಟ್ರೇಡ್-ಇನ್ ಕ್ರೆಡಿಟ್ ಪೂರ್ತಿ ಸರಿಮಾಡಿದರು, ಹಿಂದಿನ ತಿಂಗಳುಗಳದ್ದೂ ಸೇರಿಸಿ. ಅನ್‌ಲಾಕ್ ಮಾಡಲು ಮಾತ್ರ ಒಪ್ಪಲಿಲ್ಲ. ‘ಎಲ್ಲಾ ಕಡೆ ಕೆಲಸ ಮಾಡುತ್ತದೆ’ ಎಂದು ಅಂಗಡಿಯಲ್ಲಿ ಹೇಳಿದ್ದಕ್ಕೆ ನನ್ನ ಹತ್ತಿರ ಬರವಣಿಗೆಯಲ್ಲಿ ಏನೂ ಇರಲಿಲ್ಲ.